ತವರಿನ ಖಣಕ್ಕೆ ಕತ್ತರಿ ಹಾಕಿದ್ದು

ಗಡಹಿಂಗ್ಲಜದಲ್ಲಿ ನಾನು ಕೆಲಸಕ್ಕಿದ್ದ ಹೊಲಿಗೆ ಅಂಗಡಿಯಲ್ಲಿ ಟೇಪು ಗಂಡಸರಿಗೆ, ಅಳತೆ ಕುಬಸ ಹೆಂಗಸರಿಗೆ. ಎಲ್ಲೂ ಬರೆದಿಟ್ಟ ಕಾನೂನಲ್ಲ ಅದು, ಆದರೆ ಕಾನೂನಿಗಿಂತ ಗಟ್ಟಿ. ಗಂಡಸು ಬಂದರೆ ಕೊರಳಲ್ಲಿ ನೇತಾಡುವ ಟೇಪು ಇಳಿಸಿ ಎದೆ, ಹೆಗಲು, ತೋಳು ಅಳೆದು ಬರೆದುಕೊಳ್ಳುತ್ತಿದ್ದೆ. ಹೆಂಗಸರಾದರೆ ಮೈಗೆ ಚೆನ್ನಾಗಿ ಕೂತ ಒಂದು ಹಳೆಯ ಕುಬಸವನ್ನು, ಅಂದರೆ ರವಿಕೆಯನ್ನು, ಅಳತೆಗೆಂದು ಕಳಿಸುತ್ತಿದ್ದರು. ಅದನ್ನು ಹಲಗೆಯ ಮೇಲೆ ಹರವಿಕೊಂಡು ಹೊಸದನ್ನು ಕತ್ತರಿಸಬೇಕು. ತಂದು ಕೊಡುವವರು ಗಂಡನೋ ಅತ್ತೆಯೋ ಆಗಿರುತ್ತಿದ್ದರು. ನೂರಾರು ಕುಬಸ ಹೊಲಿದಿದ್ದ ನಾನು ಅವನ್ನು ತೊಟ್ಟವರಲ್ಲಿ ಹತ್ತು ಜನರ ಮುಖವನ್ನೂ ನೋಡಿರಲಿಲ್ಲ.

ಆಗ ಅರವತ್ತರ ದಶಕದ ಮೊದಲ ವರ್ಷಗಳು. ನಾನು ಕೊಲ್ಹಾಪುರದಲ್ಲಿ ಕೆಲಸಕ್ಕಿದ್ದು, ಟಕ್ ಹಾಕಿದ ಹೊಸ ಮಾದರಿಯ ಕುಬಸ ಕಲಿತು ಬಂದಿದ್ದೆ. ಎದೆಯ ಕೆಳಗೆ ಬಟ್ಟೆಯನ್ನು ಚಿವುಟಿ ಹಿಡಿದು, ಮೇಲಕ್ಕೆ ಮೊನೆಯಾಗುವಂತೆ ಮಡಚಿ ಹೊಲಿದರೆ ಅದು ಟಕ್. ಚಪ್ಪಟೆ ಬಟ್ಟೆ ಉಬ್ಬು ತಳೆಯುತ್ತದೆ. ಊರಲ್ಲಿ ಆ ಕೆಲಸ ಬರುತ್ತಿದ್ದದ್ದು ನನಗೊಬ್ಬನಿಗೇ. ಅದಕ್ಕೆ ಸಿಕ್ಕ ಬಿರುದು 'ಬಾಯಕಾಂಚಾ ಶಿಂಪಿ', ಹೆಂಗಸರ ದರ್ಜಿ. ಬಿರುದು ಕೊಟ್ಟವನು ಪಕ್ಕದ ಪಾನಪಟ್ಟಿ ಅಂಗಡಿಯವನು. ಎಲೆಗೆ ಸುಣ್ಣ ಹಚ್ಚುವುದಕ್ಕಿಂತ ಮಂದಿಗೆ ಹೆಸರು ಹಚ್ಚುವುದರಲ್ಲೇ ಅವನಿಗೆ ಹೆಚ್ಚು ಆಸ್ಥೆ. ನನ್ನ ಮದುವೆಯ ಮಾತು ನಡೆದಿದ್ದ ಕಾಲ. ಆ ಹೆಸರು ಹೆಣ್ಣಿನ ಮನೆಯವರ ಕಿವಿಗೆ ಬೀಳುವ ಹೊತ್ತಿಗೆ ಏನೇನು ರೆಕ್ಕೆಪುಕ್ಕ ಕಟ್ಟಿಕೊಂಡಿರುತ್ತದೋ ಎಂದು ನನಗೆ ಒಳಗೊಳಗೇ ಉರಿ.

ನಾಗರ ಪಂಚಮಿಗೆ ಎರಡು ವಾರ ಇರುವಾಗ ಜೋಗವ್ವ ಬಂದಳು. ಗಂಡಾಗಿ ಹುಟ್ಟಿ, ಎಲ್ಲಮ್ಮನಿಗೆ ನಡೆದುಕೊಂಡು, ಸೀರೆ ಉಟ್ಟು, ದೇವಿಯ ಜಗ ಎಂಬ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗುವವರಲ್ಲಿ ಒಬ್ಬಳು. ಪೇಟೆಯವರು ಜೋಗಪ್ಪ ಅನ್ನುತ್ತಿದ್ದರು, ಆಕೆಯ ಜೊತೆಯವರು ಜೋಗವ್ವ ಅನ್ನುತ್ತಿದ್ದರು. ಅವತ್ತು ನಾನು ಪೇಟೆಯವರ ಪೈಕಿ.

"ಏನಪ್ಪಾ, ಏನ್ ಬೇಕಾಗಿತ್ತು?" ಎಂದೆ. ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಕಿಸಕ್ಕೆಂದರು.

ಆಕೆ ಬೇಸರ ತೋರಿಸಲಿಲ್ಲ. ಉಡಿಯಿಂದ ಒಂದು ಖಣ, ಕುಬಸದ ಬಟ್ಟೆ, ತೆಗೆದು ಹಲಗೆಯ ಮೇಲಿಟ್ಟಳು. ಕಡುಗೆಂಪು ಮೈ, ಎರಡೂ ಕಡೆ ಹಸಿರು ದಡಿ. ಅದರ ಮೇಲೆ ಒಂದು ಮಾಸಿದ ಕುಬಸವನ್ನಿಟ್ಟಳು. "ಇದು ಅಳತೀದರಿ ಮಾಸ್ತರ. ಪಂಚಮಿಗೆ ಬೇಕ್ರಿ. ಅವ್ವ ಕಳಸ್ಯಾಳ."

"ಯಾರ ಅವ್ವ?"

"ನಮ್ಮವ್ವರಿ. ಹಲಕರ್ಣಿ ಕಡೆ ನಮ್ಮೂರು. ನಾ ಸೀರಿ ಉಟ್ಟಮ್ಯಾಲ ಎಂಟು ವರ್ಷ ಮನಿ ಕಡೆ ಹೋಗಿಲ್ರಿ. ಅಣ್ಣ ಬಿಡಂಗಿಲ್ಲ. ಈ ವರ್ಷ ಅವ್ವ ಸಂತಿಗಿ ಬಂದವರ ಕೈಯಾಗ ಈ ಖಣ ಕಳಸಿ, ಪಂಚಮಿಗೆ ಬಾ ಅಂದಾಳ." ಬೆರಳಿನಿಂದ ದಡಿಯನ್ನು ಒಮ್ಮೆ ಸವರಿದಳು. "ಮಗಳಿಗಿ ಕಳಸಿದಂಗ ಕಳಸ್ಯಾಳ್ರಿ. ಒಂದ ಐತಿ. ನೋಡಿ ಕತ್ತರಿ ಹಾಕ್ರಿ."

ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಬಾ ಎಂದು ಖಣ ಕಳಿಸಿದರೆ, ನೀನು ಈ ಮನೆಯ ಮಗಳು ಎಂದು ಊರಿಗೆ ಕೇಳುವಂತೆ ಹೇಳಿದ ಹಾಗೆ. ಎಂಟು ವರ್ಷಕ್ಕೆ ಆ ತಾಯಿಯ ಬಾಯಿಂದ ಬಂದ ಮಾತು ನನ್ನ ಹಲಗೆಯ ಮೇಲೆ ಮಡಿಕೆಯಾಗಿ ಬಿದ್ದಿತ್ತು. ನನಗೆ ಅದು ತಿಳಿಯಿತು. ಆದರೂ ಪಾನಪಟ್ಟಿಯವನು, "ಮಾಸ್ತರ, ಯಾವ ಬುಕ್ಕಿನಾಗ ಬರೀತೀರಿ, ಗಂಡಸರದೋ ಹೆಂಗಸರದೋ?" ಎಂದು ಕೇಳಿದಾಗ, "ಎರಡರಾಗೂ ಅರ್ಧಾ ಅರ್ಧಾ" ಎಂದುಬಿಟ್ಟೆ. ನಗೆ ಬಂತು. ನಗೆ ನನ್ನ ಮೇಲಿಂದ ಬೇರೆಯವರ ಮೇಲೆ ಹೋದರೆ ಸಾಕು ಎನ್ನುವ ಸಣ್ಣ ಬುದ್ಧಿ ಅದು.

ಮರುದಿನ ಆ ಹಳೆಯ ಕುಬಸವನ್ನು ಹರವಿ ನೋಡಿದೆ. ಕೈಹೊಲಿಗೆ. ಹೆಗಲು ಅಗಲ, ಮುಂಭಾಗ ಸಪಾಟು, ಕಂಕುಳಲ್ಲಿ ಎರಡು ಚೌಕದ ತುಂಡು ಸೇರಿಸಿದ್ದಾರೆ, ತೋಳು ಮೊಣಕೈವರೆಗೆ ಇಳಿದಿದೆ. ನೋಡಲು ಗೋಣಿಚೀಲದ ಹಾಗಿತ್ತು. ನನ್ನ ಕೊಲ್ಹಾಪುರದ ವಿದ್ಯೆ ಇಂಥದಕ್ಕೆ ಒಪ್ಪುತ್ತದೆಯೇ? ಪಾಪ, ಎಂಟು ವರ್ಷದ ಮೇಲೆ ತವರಿಗೆ ಹೋಗುತ್ತಿದ್ದಾಳೆ, ಹೆಣ್ಣಿನ ಹಾಗೆ ಕಾಣಲಿ ಎಂದುಕೊಂಡೆ. ಇದು ಉಪಕಾರ ಎಂದೇ ನಂಬಿದ್ದೆ. ಅಳತೆ ಕುಬಸವನ್ನು ಮಡಚಿ ಬದಿಗಿಟ್ಟೆ.

ಖಣವೆಂದರೆ ಒಂದು ಕುಬಸಕ್ಕೆ ಆಗುವಷ್ಟೇ ಬಟ್ಟೆ, ಕತ್ತರಿ ತಪ್ಪಿದರೆ ಮತ್ತೆ ಹೊಂದಿಸಲು ಅಂಗೈಯಗಲವೂ ಉಳಿಯುವುದಿಲ್ಲ. ಒಂದು ದಡಿಯನ್ನು ನಡುವಿನ ಪಟ್ಟಿಗೆ, ಇನ್ನೊಂದನ್ನು ತೋಳಿನ ತುದಿಗೆ ಬರುವಂತೆ ಮಡಚಿದೆ. ಮುಂಡಾ, ಅಂದರೆ ತೋಳು ಕೂಡುವ ಕೊರೆತವನ್ನು ಹೊಸ ಮಾದರಿಯಂತೆ ಬಿಗಿಯಾಗಿ, ಒಳಕ್ಕೆ ಬಾಗಿಸಿ ಕತ್ತರಿಸಿದೆ. ಕಂಕುಳ ತುಂಡನ್ನು ಬಿಟ್ಟೇಬಿಟ್ಟೆ. ಮುಂಭಾಗಕ್ಕೆ ಎರಡೆರಡು ಟಕ್. ಸಂಜೆಯೊಳಗೆ ಇಸ್ತ್ರಿ ಹೊಡೆದು ತೂಗುಹಾಕಿದೆ. ನೋಡಿದವರೆಲ್ಲ ಭೇಷ್ ಅಂದರು. ಉಳಿದ ಚಿಂದಿಯನ್ನು ಕೌದಿ ಹೊಲಿಯುವ ಅಜ್ಜಿಗೆ ಕೊಟ್ಟುಬಿಟ್ಟೆ.

ಎರಡು ದಿನದ ಮೇಲೆ ಜೋಗವ್ವ ಬಂದು, ಒಳಗಿನ ಪರದೆಯ ಹಿಂದೆ ಅದನ್ನು ತೊಟ್ಟುಕೊಂಡು ಹೊರಗೆ ಬಂದಳು. ನನ್ನ ಮುಖ ಇಂಗು ತಿಂದ ಮಂಗನಂತಾಯಿತು. ಎದೆಯ ಮೇಲೆ ಎರಡು ಖಾಲಿ ಮೊನೆಗಳು ಎದ್ದು ನಿಂತಿದ್ದವು. ಒತ್ತಿದರೆ ಒಳಗೆ ಹೋಗುತ್ತಿದ್ದವು, ಬಿಟ್ಟರೆ ಮತ್ತೆ ಏಳುತ್ತಿದ್ದವು. ಹೆಗಲಲ್ಲಿ ಬಟ್ಟೆ ಬಿಗಿದು ಕೊರಳು ಮೇಲಕ್ಕೆ ಜಗ್ಗಿತ್ತು.

"ಮಾಸ್ತರ, ಎರಡು ಗೂಡು ಕಟ್ಟೀರಿ, ಗುಬ್ಬಿ ಎಲ್ಲಿ ಅದಾವು?" ಎಂದ ಪಾನಪಟ್ಟಿಯವ. ರಸ್ತೆಯಲ್ಲಿ ಹೋಗುತ್ತಿದ್ದವರೂ ನಿಂತರು. ಎಲ್ಲರೂ ನಕ್ಕರು. ಹೇಳಲು ನಾಚಿಕೆ, ನನಗೂ ನಗು ಬಂತು.

ಜೋಗವ್ವ ಬುಟ್ಟಿ ಹಿಡಿಯುವವಳಂತೆ ಎರಡೂ ಕೈ ಮೇಲಕ್ಕೆತ್ತಿ ನೋಡಿದಳು. ಬಲಗಂಕುಳಲ್ಲಿ ಹೊಲಿಗೆ ಸರ್ರನೆ ಬಿಚ್ಚಿತು. ಕೈ ಇಳಿಸಿ, ಪರದೆಯ ಹಿಂದೆ ಹೋಗಿ, ತನ್ನ ಕುಬಸ ತೊಟ್ಟು ಬಂದಳು. ಹೊಸದನ್ನು ನನ್ನ ಮುಂದಿಟ್ಟಳು.

"ಮಾಸ್ತರ, ನೀವು ಗಂಡಸಾಗಿ ದಿನಾ ಹೆಂಗಸರ ಕುಬಸ ತೊಡಿಮ್ಯಾಲ ಹಾಕ್ಕೊಂಡು ಕುಂದರತೀರಿ. ಅದು ಹೊಟ್ಟಿಪಾಡು. ನಾ ಒಂದ ತೊಟಗೊಂಡ್ರ ನಗಿಪಾಡೇನ್ರಿ?" ದನಿ ಏರಿಸದೆ, ನಗುತ್ತಲೇ ಅಂದಳು. ಕಟ್ಟೆಯವರು ಮತ್ತೆ ನಕ್ಕರು, ಈ ಸಲ ನನ್ನ ಮೇಲೆ. ಹೊರಡುವಾಗ ಮಾತ್ರ ಆಕೆಯ ನಗು ಇರಲಿಲ್ಲ. "ಅಳತಿ ಕೊಟ್ಟಿದ್ನೆಲ್ರಿ" ಎಂದಷ್ಟೇ ಹೇಳಿದಳು.

ಅವತ್ತು ಎಷ್ಟು ಸಿಟ್ಟು ಬಂತೆಂದರೆ ಕಾಲುಮಷಿನ್ನಿನ ಪಟ್ಟಿ ಎರಡು ಸಲ ಕಳಚಿತು. ಸಿಟ್ಟು ಯಾರ ಮೇಲೆ? ಮೊದಲು ಪಾನಪಟ್ಟಿಯವನ ಮೇಲೆ, ಆಮೇಲೆ ಜೋಗವ್ವನ ಮೇಲೆ, ಕೊನೆಗೆ ಸುತ್ತಿ ಬಂದು ನನ್ನ ಮೇಲೇ. ಯಾವ ಹೆಂಗಸಿನ ಅಳತೆ ಕುಬಸವನ್ನೂ ನಾನು ಬದಿಗಿಟ್ಟವನಲ್ಲ. ಒಬ್ಬಾಕೆಯ ಹೆಗಲು ಓರೆಯಿದ್ದರೆ ಓರೆಯಾಗಿಯೇ ಕತ್ತರಿಸುತ್ತಿದ್ದೆ, ಬೆನ್ನು ಬಾಗಿದ್ದರೆ ಬಾಗಿದ ಹಾಗೆ. ಇವಳೊಬ್ಬಳ ವಿಷಯದಲ್ಲಿ, ಮುಂದೆ ನಿಂತ ಮೈಯನ್ನು ಬಿಟ್ಟು, ಹೆಣ್ಣೆಂದರೆ ಹೀಗೆ ಎಂದು ನನ್ನ ತಲೆಯೊಳಗೆ ಕೂತಿದ್ದ ಯಾವಳೋ ಒಬ್ಬಳಿಗೆ ಹೊಲಿದಿದ್ದೆ.

ಟಕ್ ಬಿಚ್ಚಿದೆ. ಬಟ್ಟೆ ಮತ್ತೆ ಸಪಾಟಾಯಿತು, ಸೂಜಿಯ ತೂತುಗಳ ಸಾಲು ಉಳಿಯಿತು. ಅದನ್ನು ಒದ್ದೆ ಅರಿವೆಯಿಂದ ತೀಡಿ, ಉಗುರಿನಿಂದ ಎಳೆ ಸರಿಸಿ, ಒಳಗಿಂದ ಇಸ್ತ್ರಿ ಹಾಕಿ ಅರ್ಧ ದಿನ ಕಳೆದೆ. ಅಷ್ಟಾದರೂ ಬೆಳಕಿಗೆ ಹಿಡಿದರೆ ಕಾಣುತ್ತಿತ್ತು. ಆದರೆ ಮುಂಡಾ ಕತ್ತರಿಸಿದ್ದು ಕತ್ತರಿಸಿದ್ದೇ. ಅಲ್ಲಿ ಎರಡು ಬೆರಳು ಬಟ್ಟೆ ಬೇಕು. ಕೌದಿ ಅಜ್ಜಿಯ ಮನೆಗೆ ಓಡಿದೆ. ಆಕೆ ಆ ಚಿಂದಿಯನ್ನು ಕತ್ತರಿಸಿ ಕೌದಿಯ ಮೂಲೆಗೆ ಹೂವಾಗಿ ಕೂರಿಸಿ ಆಗಿತ್ತು. ಬಿಚ್ಚಿ ಕೊಡುತ್ತೇನೆ ಅಂದಳು. ಒಂದೊಂದು ಚೂರೂ ಬೆರಳಿಗಿಂತ ದೊಡ್ಡದಿರಲಿಲ್ಲ.

ಅಂಗಡಿಯ ಮಾಲಕರು ವಯಸ್ಸಾದವರು, ಅರ್ಧ ಮಾತು ಮರಾಠಿಯಲ್ಲೇ. "ಜಾಊ ದೇ ರೇ", ಹೋಗಲಿ ಬಿಡೋ, ಅಂದರು. "ಅದೇ ಜಾತಿ ಖಣ ಇನ್ನೊಂದು ತಗೊಂಬಾ, ಹೊಸಾದ ಹೊಲದು ಕೊಡು. ಯಾರಿಗಿ ಗೊತ್ತಾಗತೈತಿ?"

ಬೆಳಗಿನ ಎಸ್‌ಟಿ ಬಸ್ಸು ಹಿಡಿದು ಕೊಲ್ಹಾಪುರಕ್ಕೆ ಹೋದೆ. ಬಟ್ಟೆಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ, ಜೇಬಿನಲ್ಲಿ ಬಿಚ್ಚಿದ ತೋಳು ಇಟ್ಟುಕೊಂಡು, ಹೊಂದಿಸಿ ಹೊಂದಿಸಿ ನೋಡಿದೆ. ಬಣ್ಣ ಕೂಡಿದರೆ ಒಳಗಿನ ಚುಕ್ಕಿ ಕೂಡುತ್ತಿರಲಿಲ್ಲ, ಚುಕ್ಕಿ ಕೂಡಿದರೆ ದಡಿ ಬೇರೆ. ಒಬ್ಬ ವ್ಯಾಪಾರಿ, ಈ ಮಾಲು ಇಚಲಕರಂಜಿಯಲ್ಲಿ ಒಬ್ಬರು ತರಿಸುತ್ತಾರೆ ಎಂದ. ಮಳೆಯಲ್ಲಿ ಅಲ್ಲಿಗೆ ಹೋದೆ. ಮಗ್ಗಗಳ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸದು, ಪ್ರತಿ ಬಾಗಿಲಲ್ಲೂ ಕೂಗಿ ಕೇಳಬೇಕು. "ಗಂಡಸಾಗಿ ಒಂದು ಖಣಕ್ಕ ಇಷ್ಟು ತಿರಗಾಕತ್ತೀರಲ್ಲ, ಮನಿಯಾಗ ಭಾಳ ಹೆದರಸ್ಯಾರೇನ್ರಿ?" ಎಂದು ಒಬ್ಬ ಕೇಳಿದ. ಹೌದ್ರಿ ಎಂದು ಮುಂದೆ ಹೋದೆ. ಕೊನೆಗೆ ಸಿಕ್ಕಿತು. ಮೈ ಅದೇ, ಚುಕ್ಕಿ ಅದೇ, ದಡಿಯಲ್ಲಿ ಒಂದು ಎಳೆ ಹಳದಿ ಹೆಚ್ಚು. ಕಣ್ಣಿದ್ದವರಿಗೆ ಮಾತ್ರ ಕಾಣುವಂಥದ್ದು. ಬಸ್ಸಿನಲ್ಲಿ ಅದನ್ನು ಎದೆಗವಚಿಕೊಂಡು ಕೂತು, ಇನ್ನು ಬಚಾವಾದೆ ಎಂದುಕೊಂಡೆ.

ಮರುದಿನ ಅಂಗಡಿಗೆ ಒಬ್ಬ ರೈತ ಬಂದ. ಬಿಳಿ ರುಮಾಲು, ಗಟ್ಟಿಮುಟ್ಟಾದ ಆಳು. ಜೋಗವ್ವನ ಅಣ್ಣ ಎಂದು ಹೇಳದೆಯೇ ಗೊತ್ತಾಯಿತು. ಅದೇ ಹಣೆ, ಅದೇ ಹೆಗಲು.

"ಇಲ್ಲೊಂದು ಖಣ ಹೊಲ್ಯಾಕ ಬಂದೈತೆಲ್ರಿ" ಎಂದ, ತಗ್ಗಿದ ದನಿಯಲ್ಲಿ. "ಅದನ್ನ ಪಂಚಮಿತನಕಾ ಕೊಡಬ್ಯಾಡ್ರಿ. ನಾಳಿ ಬಾ, ನಾಡದ ಬಾ ಅನ್ರಿ. ಸಿಂಪಿಗರು ಹಂಗ ಅನ್ನೂದ ಎಲ್ಲಾರಿಗೂ ಗೊತ್ತಿದ್ದದ್ದ, ಯಾರೂ ಸಂಶೇ ಪಡಂಗಿಲ್ಲ."

"ಯಾಕ್ರಿ?"

"ನಮ್ಮವ್ವಗ ವಯಸ್ಸಾಗೇತಿ, ತಿಳ್ಯಾಂಗಿಲ್ಲ. ನನಗ ಮೂರು ಹೆಣ್ಣುಮಕ್ಕಳದಾವ್ರಿ. ದೊಡ್ಡಾಕಿನ ನೋಡಾಕ ಬೀಗರು ಬರಾಕತ್ತಾರ. ಧೋತರ ಉಟಗೊಂಡು ಬಾ ಅಂದ್ನಿ, ತಮ್ಮಾಗಿ ಬಾ, ಮನಿ ನಿಂದ ಐತಿ ಅಂದ್ನಿ. ಬರಂಗಿಲ್ಲ ಅಂತಾನ. ನಾ ಏನ್ ಮಾಡ್ಲಿ ಹೇಳ್ರಿ."

ಅವನು ಕೆಟ್ಟವನಲ್ಲ. ಆ ಅಂಜಿಕೆ ನನಗೆ ಪರಿಚಯದ್ದೇ. ಹೆಣ್ಣಿನ ಮನೆಯವರು ಏನಂದಾರು ಎಂದು ನಾನೂ ದಿನಾ ಅಂಜುತ್ತಿದ್ದೆನಲ್ಲ. ಅವನು ಹೋದ ಮೇಲೆ ಬಿಚ್ಚಿ ಬಿದ್ದಿದ್ದ ಕುಬಸವನ್ನು ನೋಡಿದೆ. ಅಣ್ಣ ಬೇಡಿಕೊಂಡು ಮಾಡಿಸಬೇಕೆಂದಿದ್ದನ್ನು ನಾನು ಯಾರೂ ಹೇಳದೆಯೇ, ಜಾಣತನದಿಂದಲೇ ಮಾಡಿಟ್ಟಿದ್ದೆ. ಇನ್ನು ಬದಲಿ ಖಣವನ್ನು ಹೊಲಿದುಕೊಟ್ಟರೆ? ಎಂಟು ವರ್ಷದ ಮೇಲೆ ತಾಯಿ ಕಳಿಸಿದ್ದು ಇಲ್ಲೇ ಉಳಿದು, ಸಿಂಪಿಗ ಕೊಂಡದ್ದು ತೊಟ್ಟು ಆಕೆ ತವರಿಗೆ ಹೋಗಬೇಕು. ಆಕೆಗೆ ಗೊತ್ತಾಗುವುದಿಲ್ಲ ಎನ್ನುವುದೇ ನನಗೆ ಹೇಸಿಗೆಯೆನಿಸಿತು. ಮಾಲಕರನ್ನೂ ಕೇಳದೆ ಜೋಗವ್ವನಿಗೆ ಹೇಳಿ ಕಳಿಸಿದೆ.

ಬಂದಳು. ಎಲ್ಲವನ್ನೂ ಹಲಗೆಯ ಮೇಲೆ ಹರವಿ ತೋರಿಸಿದೆ: ತೂತು ಬಿದ್ದ ಮುಂಭಾಗ, ಕಡಿಮೆ ಬಿದ್ದ ಮುಂಡಾ, ಇಚಲಕರಂಜಿಯ ಖಣ. "ತಪ್ಪು ನಂದ್ರಿ" ಎಂದೆ. ಅಣ್ಣ ಬಂದದ್ದನ್ನೂ ಹೇಳಿದೆ. ಆಕೆ ಬಿಚ್ಚಿದ ಮುಂಭಾಗವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಹಳದಿ ಎಳೆಯ ಖಣವನ್ನು ಮುಟ್ಟಲಿಲ್ಲ.

ಇನ್ನೊಮ್ಮೆ ತಪ್ಪಬಾರದೆಂದು ಕೊರಳಿನ ಟೇಪು ತೆಗೆದೆ. ಆಕೆ ಹಿಂದಕ್ಕೆ ಸರಿದಳು.

"ಟೇಪ್ ಬ್ಯಾಡ್ರಿ ಮಾಸ್ತರ. ಅವ್ವ ಖಣ ಕಳಸ್ಯಾಳ, ಅಂಗಿ ಅರಿವಿ ಕಳಸಿಲ್ಲ."

ಟೇಪು ಕೈಯಲ್ಲೇ ಉಳಿಯಿತು. ಅದನ್ನು ಸುತ್ತಿ ಡ್ರಾವರಿನಲ್ಲಿಟ್ಟು, ಮೂಲೆಯಲ್ಲಿ ಬಿದ್ದಿದ್ದ ಆಕೆಯ ಹಳೆಯ ಕುಬಸವನ್ನು ತಂದೆ. "ಹಂಗಾರ ಇದರ ಲೆಕ್ಕ ನನಗ ಹೇಳಿಕೊಡ್ರಿ. ಇದನ್ನ ಹೊಲದವರ್ಯಾರು?"

"ನಾನ ಹೊಲದೀನ್ರಿ. ಅಂಗಡಿಗಿ ಹೋದ್ರ ನಗತಾರ ಅಂತ ಮನಿಯಾಗ ಕುಂತು ಹೊಲಕೊಂಡೀನಿ."

ನಾನು ಚಾಪೆ ಹಾಸಿದೆ. ಆಕೆ ಕೂತು, ಒಂದೊಂದು ಕೂಡಿಕೆಯನ್ನೂ ತಿರುವಿ ತೋರಿಸಿದಳು. ಹೆಗಲ ಕೂಡಿಕೆಯನ್ನು ಸರಿಯಾಗಿ ಹೆಗಲ ಮೇಲೆಯೇ ಇಡದೆ ಒಂದು ಬೆರಳು ಬೆನ್ನಿಗೆ ಸರಿಸಿದ್ದಳು, ಬುಟ್ಟಿ ಹೊತ್ತಾಗ ಅಲ್ಲಿ ಎಳೆತ ಬೀಳಬಾರದೆಂದು. ಕಂಕುಳ ಚೌಕವನ್ನು ನೇರ ಎಳೆಯ ಮೇಲಲ್ಲ, ಓರೆಯಾಗಿ ಕತ್ತರಿಸಿದ್ದಳು. ಓರೆ ಬಟ್ಟೆ ಹಿಗ್ಗುತ್ತದೆ, ಕೈ ಎತ್ತಿದರೆ ಕುಬಸ ಮೈಯಿಂದ ಮೇಲೇಳುವುದಿಲ್ಲ. ನಾನು ಗೋಣಿಚೀಲ ಎಂದುಕೊಂಡದ್ದರೊಳಗೆ ಇಷ್ಟು ಲೆಕ್ಕವಿತ್ತು. ಕೊಲ್ಹಾಪುರದಲ್ಲಿ ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಬಟ್ಟೆಯ ಪ್ರಶ್ನೆ ಮಾತ್ರ ಹಾಗೇ ಇತ್ತು. ಇಬ್ಬರೂ ಹೊಸ ಕುಬಸದ ಬಿಚ್ಚಿದ ತೋಳನ್ನೇ ನೋಡುತ್ತ ಕೂತೆವು. ಮೊಣಕೈವರೆಗಿನ ಉದ್ದದ ತೋಳು. ದಡಿಯನ್ನು ಕತ್ತರಿಸಿ ಬೇರೆ ಮಾಡಿ, ಅದರ ಮೇಲಿನಿಂದ ನಾಲ್ಕು ಬೆರಳು ಬಟ್ಟೆ ತೆಗೆದು, ದಡಿಯನ್ನು ಮತ್ತೆ ಕೂಡಿಸಿದರೆ ಎರಡು ಚೌಕ ಹೊರಡುತ್ತವೆ. ತೋಳು ಗಿಡ್ಡವಾಗುತ್ತದೆ ಎಂದೆ.

"ಆಗ್ಲಿರಿ. ಅವ್ವ ಕಳಿಸಿದ್ರಾಗಿಂದ ಹೊರಗ ಹೋಗಬಾರದು, ಅಷ್ಟ."

ಎರಡನೆಯ ಸಲ ಅದಕ್ಕೆ ಕತ್ತರಿ ಹಾಕುವ ಮೊದಲು ಆಕೆಯ ಹಳೆಯ ಚೌಕವನ್ನು ಮೇಲಿಟ್ಟು ಎರಡು ಸಲ ಗುರುತು ಹಾಕಿಕೊಂಡೆ. ಪಾನಪಟ್ಟಿಯವನು ಏನೋ ಅಂದ. ನಾನು ತಲೆಯೆತ್ತಲಿಲ್ಲ. ಓರೆ ಚೌಕಗಳನ್ನು ಮಷಿನ್ನಿಗೆ ಕೊಡದೆ ಕೈಯಿಂದಲೇ, ಎರಡೆರಡು ಸುತ್ತು ಹೊಲಿದೆ. ಪಂಚಮಿಗೆ ಎರಡು ದಿನ ಮುಂಚೆ ಆಕೆ ತೊಟ್ಟು ನೋಡಿದಳು. ಕೈ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಕುಬಸ ಕದಲಲಿಲ್ಲ. ಕಟ್ಟೆಯ ಮೇಲಿದ್ದವರಿಗೆ ನಗಲು ಏನೂ ಸಿಗಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಇದನ್ನು ನಾನು ಜಂಬದಿಂದ ಹೇಳಿಕೊಳ್ಳಬಹುದಿತ್ತು. ಕುಬಸವನ್ನು ಮಡಚಿ ಉಡಿಯಲ್ಲಿಟ್ಟುಕೊಂಡ ಮೇಲೂ ಆಕೆ ಹೋಗದೆ ನಿಂತಳು.

"ಅಣ್ಣಾರ, ಒಂದ್ ಮಾತು" ಎಂದಳು. ಮೊದಲ ಸಲ ಹಾಗೆ ಕರೆದದ್ದು. "ಪಂಚಮಿಗೆ ಹೆಣ್ಣುಮಕ್ಕಳು ತಾವ ಎದ್ದು ಹೋಗೂದು ಇಲ್ರಿ. ಅಣ್ಣ ತಮ್ಮರು ಕರಿಯಾಕ ಬರಬೇಕು. ನನಗ ಬರವರು ಯಾರೂ ಇಲ್ಲ. ನೀವು ಜೋಡಿ ಬಂದು, ಊರ ಮುಂದ ಬಿಟ್ಟು, ಅದ ಬಸ್ಸಿಗೆ ತಿರುಗಿ ಬಂದ್ರೂ ಸಾಕ್ರಿ."

ಪಾನಪಟ್ಟಿಯವನ ಕೈ ಸುಣ್ಣದ ಡಬ್ಬಿಯಲ್ಲೇ ನಿಂತಿತ್ತು, ಕೇಳಿಸಿಕೊಳ್ಳುತ್ತಿದ್ದ. ಹೋದರೆ ನನಗೆ ಹೊಸ ಬಿರುದು, 'ಜೋಗಪ್ಪನ ಅಣ್ಣ'. ಆ ಹೆಸರು ನಾಳೆ ಸಂತೆಯಲ್ಲಿ, ನಾಡಿದ್ದು ಹೆಣ್ಣಿನ ಮನೆಯಲ್ಲಿ. ಹಬ್ಬದ ಕೆಲಸ ಭಾಳ ಐತ್ರಿ, ಇನ್ನೂ ಐದು ಕುಬಸ ಬಾಕಿ ಅದಾವು ಎಂದೆ. ಬಾಕಿ ಇದ್ದದ್ದು ಎರಡು. "ಹೌದ್ರಿ, ಹಬ್ಬದ ಗದ್ದಲ" ಎಂದು ಆಕೆಯೇ ನನಗೆ ನೆಪ ಗಟ್ಟಿ ಮಾಡಿಕೊಟ್ಟು ಹೋದಳು. ಪಂಚಮಿಯ ದಿನ ನಾನು ಮನೆಯಲ್ಲಿ ಸುಮ್ಮನೆ ಕೂತಿದ್ದೆ.

ಹಬ್ಬದ ಮೂರನೆಯ ದಿನ ಜೋಗವ್ವ ಅಂಗಡಿಗೆ ಬಂದಳು. ಕುಬಸ ಸರಿ ಕೂತಿತ್ತೇ ಎಂದು ಕೇಳಿದೆ. ಬೇರೆ ಏನು ಕೇಳುವ ಮುಖ ನನಗಿತ್ತು?

"ಭಾಳ ಚಲೋ ಕುಂತಿತ್ರಿ. ಅಣ್ಣ ಮನಿತನಕಾ ಬಿಡಲಿಲ್ಲ. ಅವ್ವ ತಾನಾಗಿ, ಬಸ್ ನಿಂದ್ರೂ ಗಿಡದ ಬುಡಕ ಬಂದ್ಲು. ಅಲ್ಲೇ ಕುಂದರಿಸಿ ಉಡಿ ತುಂಬಿದ್ಲು. ತೋಳು ಮುಟ್ಟಿ ನೋಡಿ, ಯಾರು ಹೊಲದಾರ, ಚಲೋ ಹೊಲದಾರ ಅಂದ್ಲು. ಕರಕೊಂಡು ಬಂದವರ್ಯಾರು ಅಂತ ಕೇಳಿದ್ಲರಿ. ಯಾರೂ ಇಲ್ಲ ಅಂದ್ರ ಅಳತಾಳ. ಈ ಕುಬಸ ಹೊಲದ ಅಣ್ಣನ ಬಂದಾನವ್ವ, ಮಳಿ ಐತೆಲ್ಲ, ಬಸ್ಸಿನ್ಯಾಗ ಕುಂತಾನ ಅಂದ್ನಿ. ಆಕಿಗೆ ಕಣ್ಣು ದೂರ ಕಾಣಂಗಿಲ್ಲ. ಬಸ್ಸಿನ ಕಡೆ ತಿರುಗಿ ಕೈ ಮುಗದ್ಲು."

ಸೆರಗಿನಿಂದ ಒಂದು ಗಂಟು ಬಿಚ್ಚಿ ಹಲಗೆಯ ಮೇಲಿಟ್ಟಳು. ಎರಡು ಎಳ್ಳುಂಡಿ, ಎರಡು ಶೇಂಗಾ ಉಂಡಿ.

"ಕರಿಯಾಕ ಬಂದ ಮಗನಿಗೆ ಕೊಡು ಅಂದಾಳ್ರಿ. ತಗೋರಿ."